ಪಾಲುಪಟ್ಟಿಯಲ್ಲಿ ಸಿಕ್ಕಿದ ಅಜ್ಜಿಯಂದಿರು

ಮಸ್ಕತ್ ಬಳಿಯ ಅಲ್ ಖೌದ್ ಎಂದರೆ ಇವತ್ತು ಸುಲ್ತಾನ್ ಖಾಬೂಸ್ ವಿಶ್ವವಿದ್ಯಾಲಯದ ಊರು. 1986ರಲ್ಲಿ ವಿಶ್ವವಿದ್ಯಾಲಯ ಬಾಗಿಲು ತೆರೆಯಿತು. ಕೆಲಸ ಹುಡುಕಿ ಬಂದು ಇಲ್ಲಿ ಮನೆ ಹಿಡಿದವರಲ್ಲಿ ನಮ್ಮ ಕರಾವಳಿಯವರೂ ಇದ್ದಾರೆ. ಇಂಥ ಮನೆಗಳಲ್ಲಿ ಮಕ್ಕಳು ‘ನಾವು ಎಲ್ಲಿಯವರು’ ಎಂದು ಕೇಳಿದರೆ ಉತ್ತರ ಮುತ್ತಜ್ಜನ ಹೆಸರಿಗೆ ಬಂದು ನಿಂತುಬಿಡುತ್ತದೆ. ನಮ್ಮಲ್ಲೂ ಹಾಗೆಯೇ ಆಗಿತ್ತು. ಅಲ್ಲಿಂದ ಹಿಂದಕ್ಕೆ ದಾರಿ ತೋರಿಸಿದ್ದು ಊರಿನ ಮನೆಯ ಅಟ್ಟದಲ್ಲಿದ್ದ ಒಂದು ತಗಡಿನ ಪೆಟ್ಟಿಗೆ.

ಪೆಟ್ಟಿಗೆಯಲ್ಲಿದ್ದದ್ದು ತೀರ್ವೆ ರಶೀದಿ, ಗೇಣಿ ಚೀಟಿ, ಅಂಚು ಕತ್ತರಿಸಿದ ಕೆಲವು ಕಪ್ಪು ಬಿಳುಪು ಫೋಟೊ, ಮಡಿಕೆಯ ಜಾಗದಲ್ಲೆಲ್ಲ ಹರಿದ ಒಂದು ಪಾಲುಪಟ್ಟಿ. ಫೋಟೊಗಳ ಮೇಲೆ ಎಲ್ಲರೂ ಮುಗಿಬಿದ್ದರು. ಆದರೆ ನಮ್ಮ ಮನೆತನದ ಕತೆ ಇದ್ದದ್ದು ಆ ಪಾಲುಪಟ್ಟಿಯಲ್ಲಿ.

ಅದಕ್ಕೆ ಕಾರಣ ಅಳಿಯಕಟ್ಟು. ಬಂಟರು, ಬಿಲ್ಲವರು, ಮೊಗವೀರರು ಮೊದಲಾದ ತುಳುನಾಡಿನ ಸಮುದಾಯಗಳಲ್ಲಿ ಆಸ್ತಿ ಇಳಿಯುತ್ತಿದ್ದದ್ದು ತಾಯಿಯ ಕಡೆಯಿಂದ. ಹಳೆಯ ಕಟ್ಟಿನಲ್ಲಿ ಕುಟುಂಬದವರೆಲ್ಲ ಒಪ್ಪದೆ ಪಾಲು ಆಗುತ್ತಿರಲಿಲ್ಲ. ಆಗಿನ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು; 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕವರುಗಳಿಗೆ ಪಾಲು ಕೇಳುವ ಹಕ್ಕು ಕೊಟ್ಟಿತು. ಕವರು ಎಂದರೆ ಒಬ್ಬ ಹೆಂಗಸು ಮತ್ತು ಹೆಣ್ಣುಸಂತತಿಯ ಮೂಲಕ ಅವಳಿಂದ ಬೆಳೆದ ಕವಲು. ಪಾಲು ಕೊಡಬೇಕಾದರೆ ಯಾರು ಯಾರ ಹೊಟ್ಟೆಯಲ್ಲಿ ಹುಟ್ಟಿದವರು ಎನ್ನುವುದನ್ನು ಬರೆಯಲೇಬೇಕು. ಹಾಗಾಗಿ ಎಷ್ಟೋ ಮನೆಗಳ ವಂಶಾವಳಿ ಮೊದಲ ಸಲ ಕಾಗದಕ್ಕೆ ಇಳಿದದ್ದು ಜಮೀನು ಹಂಚುವಾಗಲೇ.

ನಮ್ಮ ಪಾಲುಪಟ್ಟಿಯಲ್ಲಿ ಕವರಿಗೊಂದು ಗುಂಪು. ಹಿರಿಯ ಹೆಂಗಸಿನ ಹೆಸರು ಮೊದಲು, ಕೆಳಗೆ ಮಕ್ಕಳು, ಹೆಣ್ಣುಮಕ್ಕಳ ಮಕ್ಕಳು. ಪ್ರತಿ ಹೆಸರಿನ ಮುಂದೆ ಪ್ರಾಯ. ಚಿಕ್ಕವರಾದರೆ ‘ಮೈನರ್, ಇವರ ಪರವಾಗಿ ತಾಯಿ’ ಎಂಬ ಸಾಲು. ಕೊನೆಯ ಪುಟದಲ್ಲಿ ಗಂಡಸರ ರುಜು, ಹೆಚ್ಚಿನ ಹೆಂಗಸರದ್ದು ಎಡಗೈ ಹೆಬ್ಬೆಟ್ಟು. ಮನೆಯಲ್ಲಿ ಯಾರೂ ಹೆಸರೆತ್ತದ ಒಬ್ಬ ಮುತ್ತಜ್ಜಿಯ ತಂಗಿ ಅಲ್ಲಿ ತನ್ನ ಹೆಬ್ಬೆಟ್ಟಿನೊಂದಿಗೆ ಇದ್ದಾಳೆ. ಅವಳ ಕವರು ಅವಳಿಗೇ ಮುಗಿದಿದೆ. ಮಕ್ಕಳಿಲ್ಲದವಳನ್ನು ಮನೆಯವರು ಮರೆತಿದ್ದರು, ದಸ್ತಾವೇಜು ಮರೆತಿರಲಿಲ್ಲ.

ಆ ಪ್ರಾಯಗಳೇ ಫೋಟೊಗಳಿಗೂ ಕೀಲಿಯಾದವು. ಅಂಗಳದಲ್ಲಿ ತೆಗೆದ ಒಂದು ಗುಂಪು ಚಿತ್ರದ ಹಿಂದೆ ಹೆಸರೂ ಇಲ್ಲ, ಇಸವಿಯೂ ಇಲ್ಲ. ಪಾಲುಪಟ್ಟಿಯ ಮೈನರ್‌ಗಳನ್ನು ಚಿತ್ರದ ಮಕ್ಕಳ ಎತ್ತರಕ್ಕೆ ಹೊಂದಿಸಿ ನೋಡಿ, ಅಲ್ ಖೌದ್‌ನಿಂದ ವಿಡಿಯೊ ಕರೆಯಲ್ಲಿ ದೊಡ್ಡಮ್ಮನಿಗೆ ತೋರಿಸಿದೆವು. ಲಂಗ ತೊಟ್ಟ ಹುಡುಗಿ ಅವರೇ ಎಂದು ನಮ್ಮ ಲೆಕ್ಕ. “ಅದು ನಾನಲ್ಲ ಮಗಾ, ಅಕ್ಕ. ಆ ಲಂಗ ನನಗೆ ಬಂದದ್ದು ಅವಳಿಗೆ ಗಿಡ್ಡ ಆದ ಮೇಲೆ” ಎಂದರು. ಇಂಥ ಸಾಕ್ಷಿ ಯಾವ ಕಚೇರಿಯಲ್ಲಿ ಸಿಗುತ್ತದೆ!

ಇನ್ನೊಂದು ಕಾಗದ ಅಮ್ಮನ ಸೋದರಮಾವನ ಪಾಸ್‌ಪೋರ್ಟ್. ಅವರು ಗಲ್ಫಿಗೆ ಬಂದದ್ದು ಮುಂಬಯಿಯಿಂದ ‘ದ್ವಾರಕಾ’ ಹಡಗಿನ ಡೆಕ್ಕಿನಲ್ಲಿ. ಬ್ರಿಟಿಷ್ ಇಂಡಿಯಾ ಕಂಪನಿಯ ಆ ಹಡಗು 1982ರವರೆಗೂ ಈ ದಾರಿಯಲ್ಲಿ ಓಡಾಡಿತು. ಪಾಸ್‌ಪೋರ್ಟಿನಲ್ಲಿ ಅವರ ತಂದೆಯ ಹೆಸರಿದೆ. ಪಾಲುಪಟ್ಟಿಯಲ್ಲಿ ಆ ತಂದೆ ಎಲ್ಲೂ ಇಲ್ಲ, ಏಕೆಂದರೆ ಆತ ಬೇರೆ ಕುಟುಂಬದವನು. ಒಂದು ಕಾಗದದಲ್ಲಿ ಅಪ್ಪ ಇಲ್ಲ, ಇನ್ನೊಂದರಲ್ಲಿ ಅಜ್ಜಿ ಇಲ್ಲ. ಎರಡನ್ನೂ ಪಕ್ಕದಲ್ಲಿಟ್ಟಾಗಲೇ ಮನೆತನ ಪೂರ್ತಿ ಕಂಡದ್ದು. ಗಲ್ಫಿಗೆ ಬಂದ ತಲೆಮಾರು ಉಳಿಸಿದ್ದು ಹೆಚ್ಚಾಗಿ ಪಾಸ್‌ಪೋರ್ಟ್, ವೀಸಾ ಕಾಗದ. ಅದರಿಂದ ನಮ್ಮ ಮಕ್ಕಳಿಗೆ ಅಜ್ಜಂದಿರ ಸಾಲು ಮಾತ್ರ ಗೊತ್ತು. ಇದು ನನಗೆ ದೊಡ್ಡ ನಷ್ಟವೆಂದೇ ತೋರುತ್ತದೆ.

ಮನೆಯಲ್ಲಿ ಪ್ರತಿ ಇಲ್ಲದಿದ್ದರೂ ದಾರಿ ಉಂಟು. ನೋಂದಣಿಯಾದ ಪಾಲುಪಟ್ಟಿಯ ನಕಲು ಸಬ್ ರಿಜಿಸ್ಟ್ರಾರ್ ಕಚೇರಿಯ ಒಂದನೇ ಪುಸ್ತಕದಲ್ಲಿ ಇರುತ್ತದೆ. ದಸ್ತಾವೇಜು ನಂಬರು, ಇಸವಿ ತಿಳಿದಿದ್ದರೆ ಸುಲಭ. ತಿಳಿಯದಿದ್ದರೆ ಹೆಸರಿನ ಸೂಚಿಯಲ್ಲೋ ಜಾಗದ ಸೂಚಿಯಲ್ಲೋ ಹುಡುಕಿಸಿ ದೃಢೀಕೃತ ನಕಲು ಪಡೆಯಬಹುದು. ಕಾಸರಗೋಡಿನವರು ಒಂದು ಮಾತು ನೆನಪಿಡಬೇಕು: ಆ ತಾಲ್ಲೂಕು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡಕ್ಕೇ ಸೇರಿತ್ತು, ಅಲ್ಲಿಯ ಹಳೆಯ ದಸ್ತಾವೇಜುಗಳು ಕನ್ನಡದಲ್ಲಿ ಸಿಗುತ್ತವೆ. ಅವನ್ನು ಓದಬಲ್ಲ ಹಿರಿಯರು ಇರುವಾಗಲೇ ಓದಿಸಿಕೊಳ್ಳಿ.

ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ, ಹರಿದಲ್ಲಿ ಟೇಪ್ ಹಚ್ಚಬೇಡಿ. ಕಿಟಕಿಯ ಬೆಳಕಿನಲ್ಲಿ ಫ್ಲಾಶ್ ಇಲ್ಲದೆ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ಈ ರಜೆಗೆ ಊರಿಗೆ ಹೋದಾಗ ದೊಡ್ಡಮ್ಮಂದಿರ ಹತ್ತಿರ ಕೂತು, ಫೋಟೊದಲ್ಲಿರುವ ಪ್ರತಿ ಹೆಂಗಸಿನ ಹೆಸರು ಕೇಳಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಡಿ.