ಒಗರು ಹದಗೊಳ್ಳುವ ಬಗೆ

ದಾಳಿಂಬೆ ಬಿಡಿಸುವಾಗ ಕಾಳುಗಳ ನಡುವಿನ ತೆಳು ಪೊರೆ ಹಲ್ಲಿಗೆ ಸಿಕ್ಕರೆ ಬಾಯಿ ಒಮ್ಮೆಲೇ ಒಣಗಿ ನಾಲಿಗೆ ದಪ್ಪವಾದಂತಾಗುತ್ತದೆ. ಶಿರಾ, ಪಾವಗಡ, ಮಧುಗಿರಿಯ ದಾಳಿಂಬೆ ತೋಟಗಳಲ್ಲಿ ಆಡಿ ಬೆಳೆದ ಮಕ್ಕಳಿಗೆಲ್ಲ ಇದು ಗೊತ್ತು. ಎಳೆ ಅಡಿಕೆಯಲ್ಲೂ ನೇರಳೆಯಲ್ಲೂ ಇರುವ ಈ ಗುಣಕ್ಕೆ ನಾವು ಒಗರು ಅನ್ನುತ್ತೇವೆ. ಫ್ರಾನ್ಸಿನ ಬೋರ್ಡೋ ಸೀಮೆಯ ಕೆಂಪು ವೈನಿಗೆ ಅಷ್ಟು ಹೆಸರು ಬಂದಿರುವುದರಲ್ಲಿ ಈ ಒಗರಿನ ಪಾಲು ದೊಡ್ಡದು.

ಒಗರು ನಾಲಿಗೆಗೆ ರುಚಿಗಿಂತ ಹೆಚ್ಚಾಗಿ ಸ್ಪರ್ಶ. ಟ್ಯಾನಿನ್ ಎಂಬ ರಾಸಾಯನಿಕಗಳು ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡಾಗ ಬಾಯಿಯ ಜಾರುತನ ಹೋಗುತ್ತದೆ. ಕೊರಟಗೆರೆಯ ಬೀಳುಗಳಲ್ಲಿ ಹಳದಿ ಹೂ ಬಿಡುವ ತಂಗಡಿಯ ತೊಗಟೆಯಿಂದ ಹಿಂದೆ ಚರ್ಮ ಹದ ಮಾಡುತ್ತಿದ್ದುದೂ ಇದೇ ಗುಣದಿಂದ. ಟ್ಯಾನಿನ್ ಕಚ್ಚಿಕೊಂಡ ಚರ್ಮ ಸುಲಭಕ್ಕೆ ಕೊಳೆಯುವುದಿಲ್ಲ.

ಬೆಂಗಳೂರು ನೀಲಿ ದ್ರಾಕ್ಷಿಯೊಂದನ್ನು ಹಿಚುಕಿ ನೋಡಿ. ತಿರುಳು ತಿಳಿಹಸಿರಾಗಿ ಜಾರಿ ಬರುತ್ತದೆ, ಬಣ್ಣವೆಲ್ಲ ಸಿಪ್ಪೆಯಲ್ಲೇ ಉಳಿಯುತ್ತದೆ. ಬೋರ್ಡೋದ ಕ್ಯಾಬರ್ನೆ ಸೋವಿನ್ಯೋಂ ಹಣ್ಣೂ ಹಾಗೇ. ಅದಕ್ಕೇ ಕೆಂಪು ವೈನ್ ಮಾಡುವವರು ರಸವನ್ನು ಸೋಸದೆ ಸಿಪ್ಪೆ, ಬೀಜ ಸಮೇತ ಹುಳಿಯಲು ಬಿಡುತ್ತಾರೆ. ಯೀಸ್ಟ್ ಸಕ್ಕರೆಯನ್ನು ಮದ್ಯಸಾರ ಮಾಡುವಾಗ ಏಳುವ ಗುಳ್ಳೆಗಳು ಸಿಪ್ಪೆಗಳನ್ನು ಮೇಲಕ್ಕೆತ್ತಿ ದಪ್ಪ ಹೊದಿಕೆ ಕಟ್ಟುತ್ತವೆ. ಅದನ್ನು ಆಗಾಗ ಒತ್ತಿ ಮುಳುಗಿಸುತ್ತಿರಬೇಕು. ಬಣ್ಣ ಮೊದಲ ಕೆಲವು ದಿನಗಳಲ್ಲೇ ರಸಕ್ಕೆ ಇಳಿಯುತ್ತದೆ. ಬೀಜದ ಒಗರು ನಿಧಾನ, ಮದ್ಯಸಾರ ಏರಿದಂತೆ ಬಿಡುತ್ತದೆ. ಸಿಪ್ಪೆಯನ್ನು ಯಾವ ದಿನ ಬೇರ್ಪಡಿಸಬೇಕೆಂಬ ತೀರ್ಮಾನವೇ ಈ ಕಸುಬಿನ ಜೀವಾಳ ಎಂದು ನನಗನ್ನಿಸುತ್ತದೆ. ಬೇಗ ತೆಗೆದರೆ ವೈನ್ ಜಾಳು, ತಡವಾದರೆ ಕಹಿ.

ಆಮೇಲೆ ಬ್ಯಾಕ್ಟೀರಿಯಾಗಳ ಸರದಿ. ಹಸಿರು ಸೇಬಿನಲ್ಲಿ ಚುರುಕೆನ್ನಿಸುವ ಮ್ಯಾಲಿಕ್ ಆಮ್ಲವನ್ನು ಅವು ಲ್ಯಾಕ್ಟಿಕ್ ಆಮ್ಲವಾಗಿಸುತ್ತವೆ. ಅದು ನಮ್ಮ ಮೊಸರಿನ ಹುಳಿಯೇ. ಮುಂದೆ ತಿಂಗಳುಗಟ್ಟಲೆ 225 ಲೀಟರಿನ ಓಕ್ ಪೀಪಾಯಿಯಲ್ಲಿ ವಾಸ. ಮರದ ಮೂಲಕ ನುಸುಳುವ ಒಂದಿಷ್ಟೇ ಆಮ್ಲಜನಕದಿಂದ ಟ್ಯಾನಿನ್ ಅಣುಗಳು ಒಂದಕ್ಕೊಂದೂ ಬಣ್ಣದ ಅಣುಗಳಿಗೂ ಹೆಣೆದುಕೊಳ್ಳುತ್ತವೆ. ಒಗರು ಮೆತ್ತಗಾಗುತ್ತದೆ. ಬಾಟಲಿಯಲ್ಲಿ ವರ್ಷಗಳು ಕಳೆದಂತೆ ತಳದಲ್ಲಿ ಗಸಿ ಕೂರುತ್ತದೆ, ಕಡುನೇರಳೆ ಬಣ್ಣ ಇಟ್ಟಿಗೆಗೆಂಪಿಗೆ ತಿರುಗುತ್ತದೆ.

ಇದೇ ವಿದ್ಯೆ ಕೊರಟಗೆರೆಯ ಮೂಡಲಿಗಿರುವ ನಂದಿಬೆಟ್ಟದ ತಪ್ಪಲಿಗೂ ಬಂದಿದೆ. ಕನ್ವಲ್ ಗ್ರೋವರ್ ಅವರು 1988ರಲ್ಲಿ ಕಟ್ಟಿದ ಕಂಪನಿ ಅಲ್ಲಿ ಫ್ರೆಂಚ್ ತಳಿಗಳನ್ನು ಬೆಳೆಸಿತು. ಬೋರ್ಡೋದ ವೈನ್ ತಜ್ಞ ಮಿಶೆಲ್ ರೋಲಾಂ ಅದಕ್ಕೆ ಸಲಹೆಗಾರರಾದರು. ಬೋರ್ಡೋದಲ್ಲಿ ಚಳಿಗಾಲಕ್ಕೆ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ಇಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ವರ್ಷಕ್ಕೆ ಎರಡು ಸಲ ಸವರಿ, ಮಳೆಗಾಲ ಕಳೆದ ಮೇಲಿನ ಚಿಗುರಿನಲ್ಲಿ ಹಣ್ಣು ಹಿಡಿಸಿ, ಬೇಸಗೆಯ ಹೊಸ್ತಿಲಲ್ಲಿ ಕೊಯ್ಯುತ್ತಾರೆ.

ಇಂಥ ದ್ರಾಕ್ಷಿ ನಮ್ಮ ಬಯಲಲ್ಲೂ ಆದೀತೇ? ನೀರು ತುಸು ಕಡಿಮೆಯಾದ ಬಳ್ಳಿಯ ಹಣ್ಣು ಸಣ್ಣದು. ರಸದ ಲೆಕ್ಕಕ್ಕೆ ಸಿಪ್ಪೆ ಹೆಚ್ಚು, ಹಾಗಾಗಿ ಬಣ್ಣವೂ ಒಗರೂ ಗಟ್ಟಿ. ಬೋರ್ಡೋದ ಮೆದೋಕ್‌ನಲ್ಲಿ ಗರಸು ನೆಲ ನೀರನ್ನು ಬೇಗ ಬಸಿದುಬಿಡುತ್ತದೆ. ಮಧುಗಿರಿ, ಪಾವಗಡದಲ್ಲಿ ಗ್ರಾನೈಟ್ ಸವೆದಾದ ಮರಳುಮಿಶ್ರಿತ ಕೆಂಪು ಮಣ್ಣೂ ಹಾಗೆಯೇ, ಮಳೆಯೂ ಕಡಿಮೆ. ತೊಡಕಿರುವುದು ರಾತ್ರಿಯ ಸೆಕೆಯಲ್ಲಿ. ಹಣ್ಣು ಬಣ್ಣ ಕಟ್ಟುವ ದಿನಗಳಲ್ಲಿ ರಾತ್ರಿ ತಂಪಾಗದಿದ್ದರೆ ಸಿಪ್ಪೆಯಲ್ಲಿ ಆಂಥೋಸಯನಿನ್ ಎಂಬ ಬಣ್ಣ ಸಾಕಷ್ಟು ಕೂಡುವುದಿಲ್ಲ. ನಂದಿ ತಪ್ಪಲಿಗೆ ಎತ್ತರದ ತಂಪಿದೆ. ನಮ್ಮ ಬಯಲಲ್ಲಿ ಶಿವರಾತ್ರಿ ಕಳೆದ ಮೇಲೆ ಹೊತ್ತು ಮುಳುಗಿ ಎಷ್ಟೋ ಹೊತ್ತಾದರೂ ಬಂಡೆಗೆ ಅಂಗೈ ಊರಿದರೆ ಹಗಲಿನ ಬಿಸಿ ಇನ್ನೂ ತಾಕುತ್ತದೆ.