ಮೊದಲು ರೊಟ್ಟಿ, ಆಮೇಲೆ ಉಪದೇಶ

ಅಲಾರಾಂ ಐದೂವರೆಗೆ ಹೊಡೆಯುತ್ತಿತ್ತು. ಆರಕ್ಕೆ ಮತ್ತೊಮ್ಮೆ, ಆರೂವರೆಗೆ ಮಗದೊಮ್ಮೆ. ನಾನು ಏಳುತ್ತಿದ್ದುದು ಮಾತ್ರ ಹನ್ನೊಂದಕ್ಕೆ.

ಧಾರವಾಡದ ಸಪ್ತಾಪುರದಲ್ಲಿ ಪಿಜಿ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವ ಸಾವಿರಾರು ಜನರಲ್ಲಿ ನಾನೂ ಒಬ್ಬಳು. ಊರು ಬೆಟಗೇರಿ. ಅಮ್ಮ ಹೊಲಿಗೆ ಮಾಡಿ ಪ್ರತಿ ತಿಂಗಳು ಹಣ ಕಳಿಸುತ್ತಾಳೆ. ಕಳೆದ ವರ್ಷ ಮೂರನೇ ಸಲ ಬರೆದ ಪ್ರಿಲಿಮ್ಸ್‌ನಲ್ಲಿ ನಾಲ್ಕು ಅಂಕಗಳಿಂದ ಹೊರಬಿದ್ದೆ. ಮೊದಲ ಎರಡು ಸಲ ಸೋತಾಗ ಅತ್ತಿದ್ದೆ. ಮೂರನೇ ಸಲ ಅಳುವೂ ಬರಲಿಲ್ಲ. ಸುಮ್ಮನೆ ಮಲಗಿಬಿಟ್ಟೆ.

ಆಮೇಲಿನ ನಾಲ್ಕೈದು ತಿಂಗಳು ನನಗೆ ಸರಿಯಾಗಿ ನೆನಪಿಲ್ಲ. ರಾತ್ರಿ ಎರಡರವರೆಗೆ ಮೊಬೈಲ್. ಬೆಳಿಗ್ಗೆ ತಿಂಡಿ ಇಲ್ಲ. ಮಧ್ಯಾಹ್ನ ಬೇಕರಿಯ ಪಫ್ಸ್, ಚಹಾ. ಸಂಜೆ ಮತ್ತೆ ಚಹಾ. ಮೂರನೇ ಮಹಡಿಯ ರೂಮಿಗೆ ಹತ್ತುವಷ್ಟರಲ್ಲಿ ಎದೆ ಹೊಡೆದುಕೊಳ್ಳುತ್ತಿತ್ತು. ಮೋಟಿವೇಷನಲ್ ವಿಡಿಯೊಗಳನ್ನು ನೋಡುತ್ತಿದ್ದೆ. ನೋಡುವಾಗ ರೋಮಾಂಚನ, ಮುಗಿದ ಹತ್ತು ನಿಮಿಷಕ್ಕೆ ಮತ್ತದೇ ಹಾಸಿಗೆ.

ಚರ್ಚಿಗೆ ಹೋಗುವುದನ್ನೂ ಬಿಟ್ಟಿದ್ದೆ. ಆರಾಧನೆ ಮುಗಿದ ಮೇಲೆ ಹೊರಗೆ ನಿಂತವರು ‘ಕೆಲಸ ಆಯ್ತೇನು?’ ಎಂದು ಕೇಳುತ್ತಾರಲ್ಲ, ಅದಕ್ಕೆ ಹೆದರಿ. ಒಬ್ಬರಂತೂ ‘ನಿನ್ನ ವಿಶ್ವಾಸ ಕಡಿಮೆ ಆಗೇತಿ, ಪ್ರಾರ್ಥನೆ ಜಾಸ್ತಿ ಮಾಡು’ ಅಂದಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಆ ಮಾತು ನನ್ನೊಳಗೆ ಮುಳ್ಳಿನಂತೆ ಉಳಿಯಿತು. ಪರೀಕ್ಷೆಯಲ್ಲಿ ಫೇಲ್, ಈಗ ವಿಶ್ವಾಸದಲ್ಲೂ ಫೇಲ್!

ಗಿಡದ ಕೆಳಗಿನ ಪ್ರವಾದಿ

ಒಂದು ಭಾನುವಾರ ಅಮ್ಮ ಫೋನಿನಲ್ಲಿ ಬೈದಳೆಂಬ ಒಂದೇ ಕಾರಣಕ್ಕೆ ಎದ್ದು ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತೆ. ಅಂದು ಓದಿದ್ದು ಹಳೆಯ ಒಡಂಬಡಿಕೆಯ ಒಂದನೇ ಅರಸುಗಳು ಪುಸ್ತಕದ 19ನೇ ಅಧ್ಯಾಯ, ಪ್ರವಾದಿ ಎಲೀಯನ ಕಥೆ.

ಕಥೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಎಲೀಯ ಸಾಮಾನ್ಯ ಮನುಷ್ಯನಲ್ಲ. ಕರ್ಮೆಲ್ ಬೆಟ್ಟದ ಮೇಲೆ ಒಬ್ಬನೇ ನಿಂತು ನೂರಾರು ಜನರನ್ನು ಎದುರಿಸಿ ಗೆದ್ದವನು. ಅಂಥವನೂ ರಾಣಿ ಈಜೆಬೆಲಳ ಕೊಲೆ ಬೆದರಿಕೆಗೆ ಹೆದರಿ ಓಡುತ್ತಾನೆ. ಮರಳುಗಾಡಿನಲ್ಲಿ ಒಂದು ದಿನದ ದಾರಿ ನಡೆದು, ಒಂದು ಗಿಡದ ಕೆಳಗೆ ಕುಳಿತು, ಇನ್ನು ಸಾಕು, ನನ್ನ ಪ್ರಾಣ ತೆಗೆದುಕೋ ಎಂದು ದೇವರನ್ನು ಬೇಡುತ್ತಾನೆ. ಹಾಗೇ ಮಲಗಿಬಿಡುತ್ತಾನೆ.

ಮಲಗಿದವನನ್ನು ಒಬ್ಬ ದೇವದೂತ ಬಂದು ತಟ್ಟಿ ಎಬ್ಬಿಸುತ್ತಾನೆ. ಬೈಯುವುದಿಲ್ಲ. ‘ನಿನ್ನ ವಿಶ್ವಾಸ ಎಲ್ಲಿ ಹೋಯಿತು’ ಎಂದು ಕೇಳುವುದಿಲ್ಲ. ಎದ್ದು ಊಟ ಮಾಡು ಅನ್ನುತ್ತಾನೆ, ಅಷ್ಟೇ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಇರುತ್ತವೆ. ಎಲೀಯ ತಿಂದು, ಕುಡಿದು, ಮತ್ತೆ ಮಲಗುತ್ತಾನೆ! ದೂತ ಅದಕ್ಕೂ ಸಿಟ್ಟಾಗುವುದಿಲ್ಲ. ಎರಡನೇ ಸಲ ಎಬ್ಬಿಸಿ, ನಿನ್ನ ದಾರಿ ಇನ್ನೂ ದೂರವಿದೆ, ತಿನ್ನು ಅನ್ನುತ್ತಾನೆ. ಆ ಊಟದ ಬಲದಿಂದ ಎಲೀಯ ನಲವತ್ತು ದಿನ ನಡೆದು ಹೋರೇಬ್ ಬೆಟ್ಟ ಮುಟ್ಟುತ್ತಾನೆ. ದೇವರು ಅವನೊಂದಿಗೆ ಮಾತನಾಡುವುದು, ಹೊಸ ಕೆಲಸ ಕೊಡುವುದು, ಜೊತೆಗಾರನನ್ನು ತೋರಿಸುವುದು ಎಲ್ಲ ಆಮೇಲೆ.

ಸಂಡೇ ಸ್ಕೂಲಿನಿಂದ ಕೇಳಿಕೊಂಡು ಬಂದ ಕಥೆ ಇದು. ಆದರೆ ಮೊದಲು ರೊಟ್ಟಿ, ನಿದ್ದೆ, ಮತ್ತೆ ರೊಟ್ಟಿ, ಆಮೇಲೆ ಮಾತು ಎಂಬ ಕ್ರಮವನ್ನು ನಾನು ಗಮನಿಸಿದ್ದು ಅಂದೇ. ಎಷ್ಟೋ ತಿಂಗಳ ನಂತರ ಕಣ್ಣಲ್ಲಿ ನೀರು ಬಂತು.

ಕಣ್ಣಾಗ ರಕ್ತ ಇಲ್ಲ

ಯಾರಿಗೂ ಸಿಗದೆ ಹೊರಡಬೇಕು ಅಂದುಕೊಂಡಿದ್ದೆ. ಬಾಗಿಲ ಹತ್ತಿರ ನಿವೃತ್ತ ನರ್ಸ್ ಆಂಟಿಯೊಬ್ಬರು ಕೈ ಹಿಡಿದರು. ಕೆಲಸದ ವಿಷಯ ಕೇಳಲಿಲ್ಲ. ನನ್ನ ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನೋಡಿ, ‘ಏನವ್ವಾ, ಕಣ್ಣಾಗ ರಕ್ತನ ಇಲ್ಲಲ್ಲ ನಿನಗ? ನಡಿ, ಮೊದಲ ಊಟ ಮಾಡು. ನಾಳೆ ರಕ್ತ ತೋರ್ಸೋಣ’ ಅಂದರು.

ಮರುದಿನ ತಪಾಸಣೆಯಲ್ಲಿ ನನ್ನ ಹಿಮೋಗ್ಲೋಬಿನ್ 8.2 ಗ್ರಾಂ ಎಂದು ಬಂತು. ನನ್ನ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಅದು 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ ಎನ್ನುತ್ತಾರೆ. ಸೋಮಾರಿತನ, ವಿಶ್ವಾಸದ ಕೊರತೆ ಎಂದು ನನ್ನನ್ನು ನಾನೇ ಬೈದುಕೊಂಡಿದ್ದರಲ್ಲಿ ಒಂದು ಪಾಲು ಬರೀ ಕಬ್ಬಿಣಾಂಶದ ಕೊರತೆಯಾಗಿತ್ತು!

ವೈದ್ಯರು ಮಾತ್ರೆ ಬರೆದುಕೊಟ್ಟರು. ಊಟದ ಜೊತೆ, ಊಟವಾದ ತಕ್ಷಣ ಚಹಾ ಕುಡಿಯಬೇಡ, ಅದು ಕಬ್ಬಿಣಾಂಶ ದೇಹಕ್ಕೆ ಸೇರುವುದನ್ನು ತಡೆಯುತ್ತದೆ ಎಂದರು. ಸೊಪ್ಪು, ಕಾಳಿನ ಪಲ್ಯಕ್ಕೆ ನಿಂಬೆಹುಳಿ ಹಿಂಡಿಕೋ, ಅದು ಸೇರಿಸಲು ನೆರವಾಗುತ್ತದೆ ಎಂದರು. ನಾನು ಬದುಕಿದ್ದೇ ಚಹಾದ ಮೇಲೆ. ಅಂದಿನಿಂದ ಪಫ್ಸ್ ಬಿಟ್ಟು ಖಾನಾವಳಿಯ ಊಟ ಹಚ್ಚಿಕೊಂಡೆ. ಎರಡು ಜೋಳದ ರೊಟ್ಟಿ, ಪಲ್ಯ, ಕಾಳು, ಶೇಂಗಾ ಚಟ್ನಿ. ಬೇಡವೆನಿಸಿದರೂ ಊಟಕ್ಕೆ ಹೋಗುತ್ತಿದ್ದೆ. ದೂತನೇ ತಟ್ಟಿ ಎಬ್ಬಿಸಿದ್ದಾನೆ ಅಂದುಕೊಂಡು ಒಬ್ಬಳೇ ನಕ್ಕಿದ್ದೂ ಉಂಟು.

ವೈದ್ಯರ ಬಳಿ ಹೋಗುವುದು ದೇವರ ಮೇಲಿನ ನಂಬಿಕೆ ಕಡಿಮೆಯಾದಂತೆ ಎಂದು ತಿಳಿಯುವವರು ನಮ್ಮಲ್ಲೂ ಇದ್ದಾರೆ. ಅವರಿಗೆ ಒಂದು ಮಾತು ನೆನಪಿಸುತ್ತೇನೆ. ಬೈಬಲ್‌ನ ಸುವಾರ್ತೆಗಳಲ್ಲಿ ಒಂದಕ್ಕೆ ಹೆಸರು ಕೊಟ್ಟ ಲೂಕನನ್ನು ಸಂತ ಪೌಲ ತನ್ನ ಪತ್ರದಲ್ಲಿ ಪ್ರಿಯ ವೈದ್ಯ ಎಂದೇ ಕರೆದಿದ್ದಾನೆ. ಅದೇ ಪೌಲ ಕೊರಿಂಥದವರಿಗೆ ಬರೆಯುತ್ತಾ ದೇಹವನ್ನು ದೇವರ ಆಲಯಕ್ಕೆ ಹೋಲಿಸುತ್ತಾನೆ. ಶರಣರ ವಚನ ಓದಿ ಬೆಳೆದ ನಮಗೆ ಈ ಹೋಲಿಕೆ ಹೊಸದೇನಲ್ಲ. ಹೊಸದಾಗಿದ್ದು ಆ ಆಲಯವನ್ನು ದಿನಾ ಗುಡಿಸಬೇಕೆಂಬ ತಿಳಿವಳಿಕೆ.

ಒಂದು ಸುತ್ತು, ಒಂದು ಹೆಸರು

ಮೂರ್ನಾಲ್ಕು ವಾರಗಳಲ್ಲಿ ಸುಸ್ತು ಕಡಿಮೆಯಾಯಿತು. ಆದರೆ ಏಳುವ ಮನಸ್ಸು ಮಾತ್ರ ತಾನಾಗಿ ಬರಲಿಲ್ಲ. ಅದಕ್ಕೆ ಉತ್ತರ ಸಿಕ್ಕಿದ್ದು ಈಜಿಪ್ಟಿನ ಮರಳುಗಾಡಿನ ಸನ್ಯಾಸಿಗಳ ಕಥೆಗಳಲ್ಲಿ.

ನಾಲ್ಕನೇ ಶತಮಾನದ ಈ ಸನ್ಯಾಸಿಗಳಿಗೂ ನಮ್ಮ ಪಿಜಿ ರೂಮಿನ ಕಾಯಿಲೆಯೇ ಇತ್ತು! ಇವಾಗ್ರಿಯಸ್ ಎಂಬವರು ಅದನ್ನು ಮಧ್ಯಾಹ್ನದ ಪಿಶಾಚಿ ಎಂದು ಕರೆದು ವಿವರಿಸಿದ್ದಾರೆ. ಹೊತ್ತು ಸರಿಯುವುದೇ ಇಲ್ಲ ಅನಿಸುತ್ತದೆ, ಸನ್ಯಾಸಿ ಮತ್ತೆ ಮತ್ತೆ ಕಿಟಕಿಯಾಚೆ ನೋಡುತ್ತಾನೆ, ಈ ಜಾಗವೇ ಸರಿಯಿಲ್ಲ ಅನ್ನುತ್ತಾನೆ, ಮಾಡುವ ಕೆಲಸದ ಮೇಲೆ ಜಿಗುಪ್ಸೆ ಬರುತ್ತದೆ. ಓದಿದಾಗ ನನ್ನ ಡೈರಿಯನ್ನೇ ಯಾರೋ ಕದ್ದು ಬರೆದಂತಿತ್ತು.

ಸಂತ ಅಂತೋನಿ ಇದೇ ಬೇಸರದಲ್ಲಿದ್ದಾಗ ಏನು ಮಾಡಲಿ ಎಂದು ದೇವರನ್ನು ಕೇಳಿದರಂತೆ. ಆಗ ಹೊರಗೆ ತಮ್ಮಂತೆಯೇ ಕಾಣುವ ಒಬ್ಬಾತ ಕುಳಿತು ಹಗ್ಗ ಹೆಣೆಯುತ್ತಿದ್ದ. ಸ್ವಲ್ಪ ಹೊತ್ತಿಗೆ ಎದ್ದು ಪ್ರಾರ್ಥಿಸಿದ. ಮತ್ತೆ ಕುಳಿತು ಹೆಣೆದ, ಮತ್ತೆ ಎದ್ದ. ಅವನು ದೇವದೂತ. ಹೀಗೆಯೇ ಮಾಡು, ಉಳಿಯುತ್ತೀಯ ಎಂಬುದು ಅಂತೋನಿಗೆ ಸಿಕ್ಕ ಉತ್ತರ. ಮನಸ್ಸು ಬರಲಿ ಎಂದು ಕಾಯಲು ಅಲ್ಲಿ ಯಾರೂ ಹೇಳಲಿಲ್ಲ. ಕೈಗೆ ಸಣ್ಣ ಕೆಲಸ, ನಡುವೆ ಪ್ರಾರ್ಥನೆ, ಅಷ್ಟೇ.

ನಾನೂ ಹಾಗೆಯೇ ಶುರು ಮಾಡಿದೆ. ಬೆಳಿಗ್ಗೆ ಎದ್ದು ಎರಡು ನಿಮಿಷ ಪ್ರಾರ್ಥನೆ, ಅದರ ಬೆನ್ನಿಗೇ ಚಪ್ಪಲಿ ಮೆಟ್ಟಿ ಕೆಸಿಡಿ ಮೈದಾನಕ್ಕೆ. ಮೊದಲ ವಾರ ಹತ್ತೇ ನಿಮಿಷ. ನನ್ನ ಆರೋಗ್ಯಕ್ಕಾಗಿ ಏಳು ಅಂದರೆ ಕಾಲು ಏಳುತ್ತಿರಲಿಲ್ಲ. ಹಾಗಾಗಿ ಒಂದೊಂದು ಸುತ್ತನ್ನು ಒಬ್ಬೊಬ್ಬರ ಹೆಸರಿಗೆ ಇಟ್ಟೆ. ಮೊದಲ ಸುತ್ತು ಅಮ್ಮನ ಮಂಡಿನೋವಿಗೆ. ಎರಡನೆಯದು ರೂಮ್‌ಮೇಟ್‌ನ ಇಂಟರ್‌ವ್ಯೂಗೆ. ಮೂರನೆಯದು ‘ವಿಶ್ವಾಸ ಕಡಿಮೆ’ ಅಂದಿದ್ದರಲ್ಲ, ಅವರಿಗೆ. ಕೊನೆಯದು ನನಗೆ. ನನಗಾಗಿ ಏಳಲಾಗದವಳು ಬೇರೆಯವರಿಗಾಗಿ ಎದ್ದೆ. ಹತ್ತು ನಿಮಿಷ ಇಪ್ಪತ್ತೈದಾಯಿತು. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯುವಂಥ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆರು ದಿನ ಇಪ್ಪತ್ತೈದು ನಿಮಿಷ ನಡೆದರೆ ಲೆಕ್ಕ ಸರಿಹೋಗುತ್ತದೆ. ಏಳನೇ ದಿನ ವಿಶ್ರಾಂತಿ. ಅದೂ ನಮ್ಮ ಧರ್ಮದ ಆಜ್ಞೆಯೇ. ಭಾನುವಾರ ಸಂಜೆಯವರೆಗೆ ಪುಸ್ತಕ ಮುಟ್ಟುವುದಿಲ್ಲ. ಮುಟ್ಟದ್ದಕ್ಕೆ ಈಗ ತಪ್ಪಿತಸ್ಥ ಭಾವವೂ ಕಾಡುವುದಿಲ್ಲ.

ನಡೆಯದ ದಿನಗಳೂ ಇವೆ. ಕಳೆದ ತಿಂಗಳು ಒಂದು ವಾರ ಪೂರ್ತಿ ತಪ್ಪಿಸಿದೆ. ಮೊದಲಾಗಿದ್ದರೆ ‘ಎಲ್ಲ ಮುಗೀತು’ ಅಂದುಕೊಳ್ಳುತ್ತಿದ್ದೆ. ಈಗ ಎಲೀಯ ಎರಡು ಸಲ ಮಲಗಿದ್ದು, ದೂತ ಎರಡು ಸಲ ಎಬ್ಬಿಸಿದ್ದು ನೆನಪಾಗುತ್ತದೆ.

ಮೂರು ತಿಂಗಳ ನಂತರ ಹಿಮೋಗ್ಲೋಬಿನ್ 11.1ಕ್ಕೆ ಬಂತು. ಕೆಲಸ ಇನ್ನೂ ಸಿಕ್ಕಿಲ್ಲ. ಮುಂದಿನ ಪರೀಕ್ಷೆಯಲ್ಲಿ ಪಾಸಾಗುತ್ತೇನೋ ಇಲ್ಲವೋ ಗೊತ್ತಿಲ್ಲ. ಆದರೆ ಮೂರನೇ ಮಹಡಿಯನ್ನು ಏದುಸಿರಿಲ್ಲದೆ ಹತ್ತುತ್ತೇನೆ. ಹನ್ನೊಂದು ಗಂಟೆಗೆ ಮಲಗುತ್ತೇನೆ. ಅಮ್ಮನಿಗೆ ನಾನಾಗಿಯೇ ಫೋನ್ ಮಾಡುತ್ತೇನೆ.

ನಿಮ್ಮ ದೇವರು ಬೇರೆ ಇರಬಹುದು, ದೇವರನ್ನೇ ನಂಬದವರೂ ಇರಬಹುದು. ಹಾಸಿಗೆ ಬಿಟ್ಟು ಏಳಲಾಗದ ದಿನಗಳು ಮಾತ್ರ ನಮಗೆಲ್ಲ ಒಂದೇ. ಅಂಥ ದಿನಗಳು ವಾರಗಟ್ಟಲೆ ಮುಂದುವರಿದರೆ ಒಮ್ಮೆ ರಕ್ತಪರೀಕ್ಷೆ ಮಾಡಿಸಿ. ಎಲೀಯನಂತೆ ‘ಇನ್ನು ಸಾಕು’ ಎಂಬ ಯೋಚನೆ ಬಂದರೆ ಒಬ್ಬರೇ ಕೂರಬೇಡಿ, ಹತ್ತಿರದವರಿಗೆ ಹೇಳಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ಹಾಗೆಯೇ, ನಿಮ್ಮ ಪಕ್ಕದ ರೂಮಿನಲ್ಲಿ ಯಾರಾದರೂ ಹನ್ನೊಂದರವರೆಗೆ ಮಲಗಿದ್ದರೆ ದಯವಿಟ್ಟು ಉಪದೇಶ ಮಾಡಬೇಡಿ. ಬಾಗಿಲು ತಟ್ಟಿ, ‘ಬಾ, ಊಟಕ್ಕೆ ಹೋಗೋಣ’ ಅನ್ನಿ. ನನಗೆ ಹಾಗೆ ಅಂದವರೊಬ್ಬರು ಇದ್ದರು.