ಹೊರಗೆ ಉಣ್ಣುವಾಗ ಕೇಳಿ ಉಣ್ಣಿ

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆ ನಮಗೆಲ್ಲ ಗೊತ್ತು. ಆದರೆ ಕೆಲವರಿಗೆ ಊಟ ಬಲ್ಲರಷ್ಟೇ ಸಾಲದು, ಆ ಊಟದ ಬಗ್ಗೆ ಬಾಯಿಬಿಟ್ಟು ಕೇಳಲೂ ಬರಬೇಕು. ಶೇಂಗಾ, ಹಾಲು, ಮೊಟ್ಟೆ, ಗೋಡಂಬಿ, ಸಿಗಡಿ, ಎಳ್ಳು ಉಳಿದವರಿಗೆ ಪುಷ್ಟಿ ಕೊಡುತ್ತವೆ. ಅಲರ್ಜಿ ಇರುವವರ ಪ್ರಾಣಕ್ಕೇ ಎರವಾಗಬಲ್ಲವು. ಮನೆಯಲ್ಲಾದರೆ ಹಿರಿಯರು ಎಚ್ಚರ ವಹಿಸುತ್ತಾರೆ. ಮಕ್ಕಳು ಹಾಸ್ಟೆಲ್ ಸೇರಿದಾಗ, ಕ್ಯಾಂಟೀನಿನಲ್ಲಿ ಗೆಳೆಯರೊಡನೆ ಕುಳಿತಾಗ, ದರ್ಶಿನಿಯ ಮುಂದೆ ಟೋಕನ್ ಹಿಡಿದು ನಿಂತಾಗ ನೋಡಿಕೊಳ್ಳುವವರು ಯಾರು?

ಹಿಟ್ಟಿನಲ್ಲಿದ್ದ ಎಳ್ಳು

2016ರ ಜುಲೈ ತಿಂಗಳು. ಬ್ರಿಟನ್ನಿನ ನತಾಶಾ ಎಡ್ನಾನ್-ಲಪರೂಜ್ ಎಂಬ 15 ವರ್ಷದ ಹುಡುಗಿ ತಂದೆ ಮತ್ತು ಗೆಳತಿಯೊಡನೆ ಫ್ರಾನ್ಸಿಗೆ ಹೊರಟಿದ್ದಳು. ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದ ಅಂಗಡಿಯೊಂದರಲ್ಲಿ ಸ್ಯಾಂಡ್‌ವಿಚ್ ಕೊಂಡಳು. ಅವಳಿಗೆ ಎಳ್ಳು ಆಗದು. ಪೊಟ್ಟಣದ ಮೇಲೆ ಎಳ್ಳಿನ ಹೆಸರಿರಲಿಲ್ಲ. ಆದರೆ ಬ್ರೆಡ್ಡಿನ ಹಿಟ್ಟಿನಲ್ಲೇ ಎಳ್ಳು ಸೇರಿತ್ತು. ವಿಮಾನದಲ್ಲಿ ಆಕೆ ಕುಸಿದಳು. ತಂದೆ ಎರಡು ಬಾರಿ ಅಡ್ರಿನಾಲಿನ್ ಚುಚ್ಚುಮದ್ದು ಕೊಟ್ಟರೂ ಜೀವ ಉಳಿಯಲಿಲ್ಲ.

ಅಂಗಡಿಯಲ್ಲೇ ತಯಾರಿಸಿ ಕಟ್ಟಿಟ್ಟ ತಿಂಡಿಗೆ ಪೂರ್ತಿ ವಿವರದ ಚೀಟಿ ಅಂಟಿಸುವುದು ಆಗ ಅಲ್ಲಿ ಕಡ್ಡಾಯವಿರಲಿಲ್ಲ. ಹೆತ್ತವರು ಸುಮ್ಮನೆ ಕೂರಲಿಲ್ಲ. ಅವರ ಹೋರಾಟದ ಫಲವಾಗಿ 2021ರ ಅಕ್ಟೋಬರ್ 1ರಿಂದ ಅದು ಕಡ್ಡಾಯವಾಯಿತು. ಜನ ಅದನ್ನು ‘ನತಾಶಾ ಕಾನೂನು’ ಎಂದೇ ಕರೆಯುತ್ತಾರೆ.

ಅಲರ್ಜಿ ಬೇರೆ, ಒಗ್ಗದಿರುವುದು ಬೇರೆ

ಹಾಲು ಕುಡಿದರೆ ಹೊಟ್ಟೆ ಉಬ್ಬರ, ಭೇದಿ ಆಗುವವರು ನಮ್ಮಲ್ಲಿ ಬಹಳ. ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಅರಗಿಸುವ ಕಿಣ್ವ ಅವರಲ್ಲಿ ಕಡಿಮೆ. ಇದು ಒಗ್ಗದಿರುವಿಕೆ. ಕಷ್ಟವಾಗುತ್ತದೆ, ಪ್ರಾಣಾಪಾಯವಿಲ್ಲ. ಇಂಥವರಲ್ಲಿ ಅನೇಕರಿಗೆ ಮೊಸರು ಹಿಡಿಸುತ್ತದೆ.

ಅಲರ್ಜಿ ಹಾಗಲ್ಲ. ಆಹಾರದ ಪ್ರೋಟೀನನ್ನು ದೇಹದ ರೋಗನಿರೋಧಕ ವ್ಯವಸ್ಥೆ ಶತ್ರುವೆಂದು ತಿಳಿದು ಎರಗುತ್ತದೆ. ಚೂರು ತಿಂದರೂ ಸಾಕು. ಇನ್ನು ಸೀಲಿಯಾಕ್ ಕಾಯಿಲೆಯೇ ಬೇರೆ: ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಕರುಳಿನ ಒಳಪದರವನ್ನು ಹಾಳುಮಾಡುತ್ತದೆ. ಅಂಥವರಿಗೂ ‘ಸ್ವಲ್ಪವೇ ತಾನೇ’ ಎಂಬ ಮಾತು ಸಲ್ಲದು.

ತಟ್ಟೆಯಲ್ಲಿ ಅಡಗಿರುವುದು

ಚಿತ್ರಾನ್ನದ ಶೇಂಗಾ ಕಣ್ಣಿಗೆ ಕಾಣುತ್ತದೆ. ಚಟ್ನಿಯಲ್ಲಿ ರುಬ್ಬಿದ್ದು ಕಾಣುವುದಿಲ್ಲ. ಪನೀರ್ ಗ್ರೇವಿಯಲ್ಲಿ ಗೋಡಂಬಿ ಅರೆದು ಹಾಕಿರುತ್ತಾರೆ. ಇಡ್ಲಿಯಲ್ಲಿ ಗೋಧಿಯಿಲ್ಲ, ರವೆ ಇಡ್ಲಿಯಲ್ಲಿದೆ. ಸಾಂಬಾರಿನಲ್ಲಿ ಎಲ್ಲಿಯ ಗೋಧಿ ಎನ್ನಬೇಡಿ: ಅಂಗಡಿಯ ಹಲವು ಬಗೆಯ ಇಂಗಿಗೆ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಗೋಬಿ ಮಂಚೂರಿಗೆ ಹಾಕುವ ಸೋಯಾ ಸಾಸ್‌ನಲ್ಲೂ ಸಾಮಾನ್ಯವಾಗಿ ಗೋಧಿ ಇರುತ್ತದೆ. ಒಂದೇ ಬಾಣಲೆಯ ಎಣ್ಣೆ, ಒಂದೇ ಸೌಟು ಎಲ್ಲಕ್ಕೂ ಓಡಾಡುವುದೂ ಉಂಟು.

ನಮ್ಮ ದೇಶದಲ್ಲೂ ನಿಯಮವಿದೆ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ನಿಯಮಾವಳಿಯಂತೆ ಪೊಟ್ಟಣದ ಆಹಾರದ ಮೇಲೆ ಹಾಲು, ಮೊಟ್ಟೆ, ಶೇಂಗಾ, ಸೋಯಾ, ಮೀನು ಮುಂತಾದ ಅಲರ್ಜಿಕಾರಕಗಳನ್ನು ನಮೂದಿಸಬೇಕು. 10 ಅಥವಾ ಹೆಚ್ಚು ಕಡೆ ಶಾಖೆಗಳಿರುವ ಹೋಟೆಲುಗಳೂ ಈ ಮಾಹಿತಿ ಕೊಡಬೇಕು. ಆದರೆ ಬೀದಿಬದಿಯ ಗಾಡಿ, ಪುಟ್ಟ ದರ್ಶಿನಿಗಳಲ್ಲಿ ಇಂಥ ಫಲಕವನ್ನು ನಿರೀಕ್ಷಿಸುವಂತಿಲ್ಲ. ಅಲ್ಲಿ ನಮ್ಮ ಬಾಯಿಯೇ ನಮಗೆ ಕಾವಲು.

ಕೇಳುವ ಬಗೆ

‘ಇದರಲ್ಲಿ ಶೇಂಗಾ ಇದೆಯಾ?’ ಎಂದು ಗಡಿಬಿಡಿಯಲ್ಲಿರುವ ಸಪ್ಲೈಯರನ್ನು ಕೇಳಿದರೆ ‘ಇಲ್ಲ ಸಾರ್’ ಎಂಬ ಉತ್ತರ ಸುಲಭವಾಗಿ ಬಂದುಬಿಡುತ್ತದೆ. ಬದಲಿಗೆ, ‘ನನಗೆ ಶೇಂಗಾ ಅಲರ್ಜಿ. ತಿಂದರೆ ಉಸಿರು ಕಟ್ಟುತ್ತೆ. ಒಳಗೆ ಭಟ್ಟರನ್ನು ಕೇಳಿ ಹೇಳ್ತೀರಾ?’ ಎನ್ನಿ. ಕಾರಣ ತಿಳಿದರೆ ಅವರೂ ಕಾಳಜಿಯಿಂದ ವಿಚಾರಿಸುತ್ತಾರೆ. ಉತ್ತರ ಅನುಮಾನಾಸ್ಪದವಾಗಿದ್ದರೆ ಆ ತಿಂಡಿಯೇ ಬೇಡ. ಹಾಸ್ಟೆಲ್ ಸೇರುವ ದಿನವೇ ವಾರ್ಡನ್ನರಿಗೂ ಮೆಸ್ಸಿನ ಅಡುಗೆಯವರಿಗೂ ಬರೆದು ಕೊಡಿ. ಜೊತೆಗೆ ಉಣ್ಣುವ ಇಬ್ಬರು ಗೆಳೆಯರಿಗಾದರೂ ವಿಷಯ ತಿಳಿದಿರಲಿ.

ಗೆಳೆಯರು ತಿಳಿದಿರಬೇಕಾದ ಲಕ್ಷಣಗಳಿವು: ಮೈಮೇಲೆ ದದ್ದು, ತುಟಿ-ನಾಲಿಗೆ ಊತ, ವಾಂತಿ, ಧ್ವನಿ ಒಡೆಯುವುದು, ಉಸಿರಾಟಕ್ಕೆ ಕಷ್ಟ, ತಲೆಸುತ್ತು. ಉಸಿರು ಕಟ್ಟಿದರೆ ಅಥವಾ ತಲೆ ಸುತ್ತಿ ಕುಸಿದರೆ ತಡಮಾಡದೆ 108ಕ್ಕೆ ಕರೆ ಮಾಡಿ. ವೈದ್ಯರು ಅಡ್ರಿನಾಲಿನ್ ಬರೆದುಕೊಟ್ಟು ಬಳಸಲು ಕಲಿಸಿದ್ದರೆ ಕೂಡಲೇ ತೊಡೆಯ ಹೊರಬದಿಗೆ ಚುಚ್ಚಬೇಕು. ರೋಗಿಯನ್ನು ಮಲಗಿಸಿ ಕಾಲು ಎತ್ತರಿಸಿ. ಉಸಿರಾಟ ಕಷ್ಟವಾದರೆ ಒರಗಿಸಿ ಕೂರಿಸಿ. ನಡೆಸಬೇಡಿ. ಅಲರ್ಜಿ ಮಾತ್ರೆ ನುಂಗಿಸಿ ಕಾಯುತ್ತಾ ಕೂರಬೇಡಿ. ಇಂಥ ಹೊತ್ತಿನಲ್ಲಿ ಅದು ಸಾಲದು.

ಹೆತ್ತವರಿಗೆ ಎರಡು ಮಾತು. ಬರೀ ಸಂಶಯದಿಂದ ಮಗುವಿಗೆ ಹಾಲು, ಮೊಟ್ಟೆ ಬಿಡಿಸಬೇಡಿ, ವೈದ್ಯರಿಂದ ಖಚಿತಪಡಿಸಿಕೊಳ್ಳಿ. ಇನ್ನು ಮದುವೆ ಮನೆಯಲ್ಲಿ ‘ಒಂದು ಚೂರು ತಿಂದ್ರೆ ಏನಾಗುತ್ತೆ?’ ಎಂದು ಅಕ್ಕರೆಯಿಂದ ಒತ್ತಾಯಿಸುವವರು ಇದ್ದೇ ಇರುತ್ತಾರೆ. ಅವರೆದುರು ‘ಬೇಡ, ನನಗೆ ಆಗಲ್ಲ’ ಎಂದು ಮಗು ಹೇಳಿದರೆ ಅದು ಉದ್ಧಟತನವಲ್ಲ. ಆಗ ಮಗುವಿನ ಪರವಾಗಿ ನಿಲ್ಲಿ.